ರೋಮನರ ವಿರಾಮವಾಸವೂ ದ್ರಾಕ್ಷಾಭೂಮಿಗಳ ಆಯ್ಕೆಯೂ

ನಗರವಾಸಿಗಳಾದ ಅನುಕೂಲಸ್ಥರು ಎರಡು ಮೂರು ದಿನಗಳ ಬಿಡುವು ದೊರೆತಾಗ ಸಮೀಪದ ದ್ರಾಕ್ಷಿಯ ಸೀಮೆಗೆ ಹೊರಡುವುದೂ, ಹೊರಡುವ ಮುನ್ನ ಈ ಬೆಟ್ಟವೋ ಆ ಕಡಲತೀರವೋ ಎಂದು ತೂಗಿ ನೋಡುವುದೂ ಇಂದು ಪಾಶ್ಚಾತ್ಯ ದೇಶಗಳಲ್ಲಿ ಸಾಮಾನ್ಯವಾದ ಸಂಗತಿ. ಇದು ರೈಲು ಮೋಟಾರುಗಳ ಕಾಲದಲ್ಲಿ ಹುಟ್ಟಿದ ಅಭ್ಯಾಸವೆಂಬ ಭಾವನೆ ಪ್ರಚಾರದಲ್ಲಿದೆ. ಆದರೆ ಕವಿ ಹೊರೇಸನು ವಾಲ ಎಂಬ ಮಿತ್ರನಿಗೆ ಬರೆದ ಪದ್ಯರೂಪವಾದ ಓಲೆಯೊಂದನ್ನು ಓದಿದವರಿಗೆ ಈ ಭಾವನೆ ನಿಲ್ಲದು. ರಾಜವೈದ್ಯನಾದ ಆಂಟೋನಿಯಸ್ ಮೂಸನು ಕ್ರಿ.ಪೂ. 23ರಲ್ಲಿ ಆಗಸ್ಟಸನ ವ್ಯಾಧಿಯನ್ನು ತಣ್ಣೀರಿನ ಉಪಚಾರದಿಂದ ವಾಸಿಮಾಡಿ ಹೆಸರು ಗಳಿಸಿದ್ದನು. ಅವನ ಮಾತಿನಂತೆ ಹೊರೇಸನು ಬಾಯೆಯ ಬಿಸಿನೀರಿನ ಸ್ನಾನವನ್ನು ಬಿಡಬೇಕಾಯಿತು. ಚಳಿಗಾಲವನ್ನು ಕಳೆಯಲು ವೇಲಿಯ ಪಟ್ಟಣ ಲೇಸೋ ಸಲೆರ್ನಮ್ ಲೇಸೋ ಎಂಬುದು ಓಲೆಯ ಪ್ರಶ್ನೆ. ಅಲ್ಲಿಯ ಹವೆ ಹೇಗೆ, ಜನ ಎಂಥವರು, ದಾರಿ ಹೇಗಿದೆ, ಧಾನ್ಯ ಯಾವ ಕಡೆ ಹೆಚ್ಚು, ಕುಡಿಯುವುದು ತೊಟ್ಟಿಯಲ್ಲಿ ಹಿಡಿದ ಮಳೆಯ ನೀರನ್ನೋ ಬತ್ತದ ಬಾವಿಯ ನೀರನ್ನೋ, ಮೊಲ ಕಾಡುಹಂದಿಗಳು ಎಲ್ಲಿ ಸಿಕ್ಕುತ್ತವೆ, ಮೀನು ಯಾವ ಕಡಲಲ್ಲಿ ಸಮೃದ್ಧ ಎಂದು ಅವನು ಒಂದೊಂದಾಗಿ ಕೇಳುತ್ತಾನೆ. ಆ ತೀರದ ದ್ರಾಕ್ಷಾರಸದ ವಿಷಯದಲ್ಲಿ ಮಾತ್ರ ಅವನಿಗೆ ವಿಚಾರಿಸಬೇಕಾದುದೇನೂ ಇಲ್ಲ. ಅದನ್ನು ತಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲವೆಂದು ಮೊದಲೇ ತಳ್ಳಿಹಾಕುತ್ತಾನೆ. ತನ್ನ ಹಳ್ಳಿಯಲ್ಲಾದರೆ ಯಾವ ರಸವನ್ನಾದರೂ ಸಹಿಸಿಯೇನು, ಸಮುದ್ರತೀರಕ್ಕೆ ಬಂದ ಮೇಲೆ ಮೃದುವೂ ಪುಷ್ಟವೂ ಆದುದೇ ಬೇಕು ಎಂಬುದು ಅವನ ನಿಲವು.

ಈ ಓಲೆಯನ್ನು ವಿಮರ್ಶಕರು ಹಾಸ್ಯಕ್ಕಾಗಿಯೂ ಶೈಲಿಗಾಗಿಯೂ ಓದಿರುವುದೇ ಹೆಚ್ಚು. ಪ್ರಕೃತ ಲೇಖನದಲ್ಲಿ ಅದನ್ನು ಇತಿಹಾಸದ ಆಕರವಾಗಿ ನೋಡಲು ಯತ್ನಿಸಿದೆ. ರೋಮಿನ ಸಿರಿವಂತರು ತಮ್ಮ ವಿರಾಮಸ್ಥಳವನ್ನು ಆರಿಸಿಕೊಂಡದ್ದು ಯಾವ ಲಕ್ಷ್ಯದಿಂದ, ದ್ರಾಕ್ಷಾರಸದ ಗುಣಕ್ಕೆ ಆ ಆಯ್ಕೆಯಲ್ಲಿ ಎಷ್ಟು ಪಾಲು ಇತ್ತು, ಆ ಆಯ್ಕೆಯ ಭಾರ ಯಾರ ಹೆಗಲಿನ ಮೇಲೆ ಬಿದ್ದಿತು ಎಂಬ ಪ್ರಶ್ನೆಗಳು ಇಲ್ಲಿ ವಿಚಾರಾರ್ಹ.

ಮೊದಲು ಕಾಲಗಣನೆಯ ವಿಚಾರ. ರೋಮನರಲ್ಲಿ ನಮ್ಮ ಅರ್ಥದ ವಾರಾಂತ್ಯವಿರಲಿಲ್ಲ. ಇದ್ದುದು ಎಂಟು ದಿನಗಳಿಗೊಮ್ಮೆ ಕೂಡುತ್ತಿದ್ದ ಸಂತೆ. ಎರಡು ತುದಿಗಳನ್ನೂ ಸೇರಿಸಿ ಎಣಿಸುವ ಅವರ ಪದ್ಧತಿಯಂತೆ ಅದಕ್ಕೆ ಒಂಬತ್ತನೆಯ ದಿನವೆಂಬ ಹೆಸರು ಬಂದಿತು. ಪೂರ್ವಿಕರು ಈ ಒಂದು ದಿನ ಮಾತ್ರ ಪಟ್ಟಣದ ವ್ಯವಹಾರಕ್ಕೆ ಬಂದು ಉಳಿದ ಏಳು ದಿನ ಹೊಲದಲ್ಲಿ ದುಡಿಯುತ್ತಿದ್ದರೆಂದೂ, ತನ್ನ ಕಾಲದಲ್ಲಿ ಮನೆಯ ಯಜಮಾನರೆಲ್ಲ ಕುಡುಗೋಲು ನೇಗಿಲುಗಳನ್ನು ಬಿಟ್ಟು ಗೋಡೆಯೊಳಕ್ಕೆ ನುಸುಳಿಕೊಂಡು, ಪೈರು ದ್ರಾಕ್ಷಿಗಳಲ್ಲಿ ಆಡಿಸಬೇಕಾದ ಕೈಯನ್ನು ನಾಟಕಶಾಲೆಯಲ್ಲಿ ಚಪ್ಪಾಳೆಗೆ ಆಡಿಸುತ್ತಿರುವರೆಂದೂ ವರ್ರೊ ವ್ಯಥೆಪಡುತ್ತಾನೆ. ವರ್ರೊವಿನ ಪೂರ್ವಿಕರು ನಿಜವಾಗಿ ಅಷ್ಟು ಶ್ರಮಜೀವಿಗಳಾಗಿದ್ದರೋ ಇಲ್ಲವೋ, ವೃದ್ಧರು ಬರೆದ ಗತಕಾಲದ ವರ್ಣನೆಯನ್ನು ಎಚ್ಚರಿಕೆಯಿಂದ ಓದಬೇಕಾದುದು ಇತಿಹಾಸಕಾರನ ಧರ್ಮ. ಆದರೆ ಅವನು ಕಂಡ ಪಲ್ಲಟ ಸತ್ಯವೇ. ಹಳ್ಳಿಯಿಂದ ಪಟ್ಟಣಕ್ಕೆ ಬಂದು ಹೋಗುತ್ತಿದ್ದವನ ಮೊಮ್ಮಗ ಈಗ ಪಟ್ಟಣದಿಂದ ಹಳ್ಳಿಗೆ ಹೋಗಿ ಬರುವವನಾದನು. ವಿರಾಮವಾಸದ ಇತಿಹಾಸ ಈ ಪಲ್ಲಟದಿಂದಲೇ ಆರಂಭವಾಗುತ್ತದೆ.

ಭೂಮಿಯನ್ನು ಕೊಳ್ಳುವವನು ಪಟ್ಟಣದ ಮನೆಯನ್ನು ಮಾರಿಬಿಡಬೇಕು ಎಂಬುದು ಕಾರ್ಥೇಜಿನ ಕೃಷಿಶಾಸ್ತ್ರಜ್ಞ ಮಾಗೊವಿನ ಕಠಿಣವಾದ ವಿಧಿ. ಕ್ರಿ.ಶ. ಮೊದಲನೆಯ ಶತಮಾನದಲ್ಲಿ ಬರೆದ ಕೊಲುಮೆಲ್ಲನು ಈ ವಿಧಿಯನ್ನು ಗೌರವದಿಂದ ಸ್ಮರಿಸಿ, ಅಧಿಕಾರಪದವಿಗಳ ಆಸೆಯುಳ್ಳ ತನ್ನ ಕಾಲದವರಿಗೆ ಅದು ಸಾಧ್ಯವಿಲ್ಲವೆಂದು ಒಪ್ಪಿ, ಬೇರೊಂದು ದಾರಿ ತೋರಿಸುತ್ತಾನೆ. ನ್ಯಾಯಸ್ಥಾನದ ಕೆಲಸ ಮುಗಿದ ಮೇಲೆ ನಿತ್ಯವೂ ಹೋಗಿಬರುವಷ್ಟು ಸಮೀಪದಲ್ಲಿ ತೋಟವಿರಲಿ ಎಂಬುದೇ ಅದು. ಈ ಸಲಹೆಯಲ್ಲಿ ವಿರಾಮದ ಮಾತಿಲ್ಲ. ಯಜಮಾನನ ಕಣ್ಣು ಆಳುಗಳ ಮೇಲೆ ಬೀಳುತ್ತಿರಬೇಕೆಂಬ ಲಾಭದ ಮಾತು ಇದೆ. ಆದರೂ ದೂರವನ್ನು ಅಳೆದು ಭೂಮಿಯನ್ನು ಆರಿಸುವ ಲೆಕ್ಕ ಇಲ್ಲಿ ಮೊದಲ ಬಾರಿಗೆ ಸ್ಪಷ್ಟವಾಗಿ ಕಾಣುತ್ತದೆ. ಕಿರಿಯ ಪ್ಲಿನಿಯು ಲಾರೆಂಟಮ್ ತೀರದ ತನ್ನ ಮನೆಯನ್ನು ಹೊಗಳುವಾಗ, ರೋಮಿನಿಂದ ಅದು 17 ಮೈಲಿ ಮಾತ್ರ, ದಿನದ ಕೆಲಸಕ್ಕೆ ಕುಂದಿಲ್ಲದೆ ಮುಗಿಸಿ ಅಲ್ಲಿಗೆ ಸೇರಬಹುದು ಎಂಬುದನ್ನು ಮೊಟ್ಟಮೊದಲು ಹೇಳುತ್ತಾನೆ. ರೋಮನ್ ಮೈಲಿ ಸುಮಾರು ಒಂದೂವರೆ ಕಿಲೋಮೀಟರು.

ಇನ್ನು ದ್ರಾಕ್ಷಾರಸದ ಶ್ರೇಣಿ. ಹಿರಿಯ ಪ್ಲಿನಿಯು ಕ್ರಿ.ಶ. 77ರಲ್ಲಿ ಸಮರ್ಪಿಸಿದ ಪ್ರಕೃತಿಚರಿತ್ರೆಯ ಹದಿನಾಲ್ಕನೆಯ ಭಾಗದಲ್ಲಿ ಇಟಲಿಯ ರಸಗಳನ್ನು ತರಗತಿ ತರಗತಿಯಾಗಿ ಜೋಡಿಸಿರುವನು. ಮೊದಲನೆಯ ಸ್ಥಾನ ಆಗಸ್ಟಸನಿಗೆ ಪ್ರಿಯವಾಗಿದ್ದ ಸೇತಿಯದ ರಸಕ್ಕೆ. ಎರಡನೆಯದು ಫಲೆರ್ನಮ್ ಸೀಮೆಯದಕ್ಕೆ. ಮೂರನೆಯ ತರಗತಿಯಲ್ಲಿ ಆಲ್ಬ, ಸುರ್ರೆಂಟಮ್, ಮಾಸ್ಸಿಕಸ್ ಬೆಟ್ಟ ಮೊದಲಾದುವು. ನಾಲ್ಕನೆಯದರಲ್ಲಿ ಸಿಸಿಲಿಯ ಮೆಸ್ಸಾನದ ರಸ. ಇವೆಲ್ಲಕ್ಕಿಂತ ಮೇಲೆ ಒಂದು ಕಾಲಕ್ಕೆ ಇದ್ದುದು ಕೇಕುಬಮ್. ಅದು ಬೆಳೆಯುತ್ತಿದ್ದುದು ತೀರದ ಜೌಗುನೆಲದ ಒಂದು ಚಿಕ್ಕ ಎಡೆಯಲ್ಲಿ. ಬೆಳೆಗಾರರ ಅಲಕ್ಷ್ಯವೂ, ಬಾಯೆಯಿಂದ ಓಸ್ತಿಯದವರೆಗೆ ನೀರೊನು ತೋಡಿಸಲು ಹೊರಟ ಕಾಲುವೆಯೂ ಅದನ್ನು ನಾಶಮಾಡಿದುವೆಂದು ಪ್ಲಿನಿ ಹೇಳುತ್ತಾನೆ. ಫಲೆರ್ನಮಿನ ಕೀರ್ತಿಯೂ ತನ್ನ ಕಾಲದಲ್ಲಿ ಇಳಿಯುತ್ತಿದೆಯೆಂದು ಹೇಳಿ, ಅದಕ್ಕೆ ಅವನು ಕೊಡುವ ಕಾರಣ ಗಮನಾರ್ಹವಾದುದು: ಅಲ್ಲಿಯವರು ಗುಣವನ್ನು ಬಿಟ್ಟು ಪರಿಮಾಣದ ಬೆನ್ನು ಹತ್ತಿದರು.

ಈ ಪಟ್ಟಿಯನ್ನು ಭೂಪಟದ ಪಕ್ಕದಲ್ಲಿಟ್ಟು ನೋಡಿದರೆ ಒಂದು ವೈಚಿತ್ರ್ಯ ಗೋಚರವಾಗುತ್ತದೆ. ಸೇತಿಯದ ಗುಡ್ಡ ಪೊಂಟೈನ್ ಜೌಗಿನ ಮೇಲ್ಗಡೆ ಇರುವುದು. ಕೇಕುಬಮ್ ಜೌಗಿನೊಳಗೇ ಇದ್ದಿತು. ಈ ಎರಡು ಸ್ಥಳಗಳೂ ರಸದಿಂದ ಹೆಸರಾದುವೇ ಹೊರತು ಸಿರಿವಂತರ ವಿರಾಮಕ್ಕಾಗಿ ಅಲ್ಲ. ಸಿರಿವಂತರ ಮನೆಗಳು ಸಾಲುಗೊಂಡದ್ದು ತುಸ್ಕುಲಮ್, ಆಲ್ಬ, ತೀಬುರ್ ಎಂಬ ಬೆಟ್ಟದ ಊರುಗಳಲ್ಲಿ, ದೂರ ಹೋಗಬಲ್ಲವರಿಗೆ ಬಾಯೆ, ಕೂಮೆ, ಪುತೆಯೊಲಿಗಳ ಕಡಲತೀರದಲ್ಲಿ. ಅತ್ಯುತ್ತಮ ರಸವಿದ್ದೆಡೆಗೆ ಜನ ಹೋಗಲಿಲ್ಲ. ಜನ ಹೋದೆಡೆಗೆ ರಸವೇ ಪೀಪಾಯಿಗಿಂತ ಪೂರ್ವಕಾಲದ ಆ ಎರಡು ಕಿವಿಯ ಮಣ್ಣಿನ ಕೊಡಗಳಲ್ಲಿ ಬಂಡಿಯೇರಿಯೋ ಹಡಗೇರಿಯೋ ಬಂದಿತು. ಹೊರೇಸನ ಓಲೆಯಲ್ಲಿ ನೀರಿಗೂ ದಾರಿಗೂ ಮೊದಲ ಮರ್ಯಾದೆ ದೊರೆತಿರುವುದು ಕೇವಲ ಕವಿಯ ವಿನೋದವಲ್ಲವೆಂದು ಇದರಿಂದ ತಿಳಿಯುತ್ತದೆ.

ಖ್ಯಾತಿಯೂ ಸ್ವಾದವೂ ಬೇರೆ ಬೇರೆಯೆಂಬುದನ್ನು ರೋಮನರೇ ಬಲ್ಲವರಾಗಿದ್ದರು. ಸುರ್ರೆಂಟಮಿನ ಹಗುರವಾದ ರಸ ರೋಗಮುಕ್ತರಿಗೆ ಹಿತವೆಂದು ವೈದ್ಯರು ಹೊಗಳುತ್ತಿದ್ದರು. ವೈದ್ಯರೆಲ್ಲ ಕೂಡಿ ಒಳಸಂಚು ಮಾಡಿ ಅದಕ್ಕೆ ಕುಲೀನತೆಯನ್ನು ತಂದುಕೊಟ್ಟರೆಂದೂ, ಇಲ್ಲವಾದರೆ ಅದು ಒಳ್ಳೆಯ ಜಾತಿಯ ಹುಳಿನೀರೆಂದೂ ಚಕ್ರವರ್ತಿ ಟೈಬೀರಿಯಸನು ಹಾಸ್ಯಮಾಡುತ್ತಿದ್ದನೆಂದು ಪ್ಲಿನಿ ಬರೆದಿರುವನು. ಅದೇ ಕೊಲ್ಲಿಯ ಕಾಪ್ರಿ ದ್ವೀಪದಲ್ಲಿ ವರ್ಷಗಟ್ಟಲೆ ನೆಲಸಿದ್ದವನು ಈ ಟೈಬೀರಿಯಸನೇ ಎಂಬುದನ್ನು ನೆನೆದರೆ, ಅವನು ಆ ತೀರಕ್ಕೆ ಹೋದುದು ರಸಕ್ಕಾಗಿ ಅಲ್ಲವೆಂಬುದು ಸ್ಪಷ್ಟ.

ಕಂಪಾನಿಯ ತೀರದ ಆಕರ್ಷಣೆ ಜನಸಂಗದ ಆಕರ್ಷಣೆ. ಸಿಸೆರೊವಿಗೆ ತುಸ್ಕುಲಮ್ ಅಲ್ಲದೆ ಫೋರ್ಮಿಯೆ, ಕೂಮೆ, ಪುತೆಯೊಲಿ, ಪೊಂಪೆಯಿ ಮೊದಲಾದೆಡೆಗಳಲ್ಲಿ ಮನೆಗಳಿದ್ದುವು. ಸಾಲವೂ ಅದಕ್ಕೆ ತಕ್ಕಂತೆ ಇತ್ತು. ಕ್ರಿ.ಪೂ. 45ರ ಡಿಸೆಂಬರಿನಲ್ಲಿ ಜೂಲಿಯಸ್ ಸೀಸರನು ಪುತೆಯೊಲಿಯ ಕಡೆ ಬಂದಾಗ ಅವನೊಡನೆ 2,000 ಜನರ ಪರಿವಾರ. ಹಿಂದಿನ ರಾತ್ರಿ ಅವರು ನೆರೆಯವನ ಮನೆಯನ್ನು ತುಂಬಿ, ಸೀಸರನ ಊಟಕ್ಕೆ ಒಂದು ಕೋಣೆ ಉಳಿದುದೇ ಕಷ್ಟವಾಯಿತು. ಮರುದಿನ ತನ್ನ ಮನೆಗೆ ಬಂದ ಅತಿಥಿಯನ್ನು ಸಿಸೆರೊ ಯಥೋಚಿತವಾಗಿ ಸತ್ಕರಿಸಿ, ಹಿಂದಿರುಗುವಾಗ ಮತ್ತೆ ದಯಮಾಡಿಸಿ ಎಂದು ಹೇಳಬಹುದಾದ ಅತಿಥಿ ಈತನಲ್ಲವೆಂದು ಮಿತ್ರನಿಗೆ ತಿಳಿಸುತ್ತಾನೆ. ವಿರಾಮಕ್ಕೆ ಹೋದೆಡೆಗೆ ರಾಜಧಾನಿಯೇ ಹಿಂಬಾಲಿಸಿ ಬರುತ್ತಿತ್ತು. ಸೆನೆಕನು ಬಾಯೆಯನ್ನು ತಲಪಿದ ಮರುದಿನವೇ ಬಿಟ್ಟು ಹೊರಟನಂತೆ.

ಸೆನೆಕನಿಗೆ ಹಿಡಿಸಿದ್ದು ನೊಮೆಂಟಮ್. ರೋಮಿನ ಈಶಾನ್ಯಕ್ಕಿರುವ ಈ ಸೀಮೆ ಶೋಭೆಯಲ್ಲಿ ಆಲ್ಬದ ಬೆಟ್ಟಗಳಿಗೆ ಸಮನಲ್ಲ, ರಸದಲ್ಲಿ ಫಲೆರ್ನಮಿನ ಹತ್ತಿರಕ್ಕೂ ಬಾರದು. ಆದರೆ ನಮ್ಮ ಪ್ರಶ್ನೆಗೆ ಇಲ್ಲಿ ದೊರೆಯುವಷ್ಟು ಸಾಮಗ್ರಿ ಬೇರೆಲ್ಲಿಯೂ ದೊರೆಯದಾದುದರಿಂದ ಕೊಂಚ ನಿಂತು ನೋಡುವುದು ಯುಕ್ತ. ಇಲ್ಲಿಯ ಹತ್ತನೆಯ ಮೈಲಿಗಲ್ಲಿನ ಕವಲುದಾರಿಯಲ್ಲಿ ರೆಮ್ಮಿಯಸ್ ಪಲೇಮನ್ ಎಂಬ ವ್ಯಾಕರಣದ ಉಪಾಧ್ಯಾಯನು 6,00,000 ಸೆಸ್ಟರ್ಸುಗಳಿಗೆ ಒಂದು ಪಾಳುಬಿದ್ದ ತೋಟವನ್ನು ಕೊಂಡನು. ಈತನು ಹುಟ್ಟಿನಿಂದ ಗುಲಾಮ. ಒಡತಿಯ ಮಗನ ಪುಸ್ತಕ ಹೊತ್ತು ಪಾಠಶಾಲೆಗೆ ಹೋಗಿಬರುತ್ತ ಅಕ್ಷರ ಕಲಿತು, ಬಿಡುಗಡೆ ಹೊಂದಿ, ಪಾಠಶಾಲೆಯೊಂದರಿಂದಲೇ ವರ್ಷಕ್ಕೆ 4,00,000 ಸೆಸ್ಟರ್ಸು ಗಳಿಸುವವನಾದನೆಂದು ಸ್ವೆಟೋನಿಯಸನು ತಿಳಿಸುತ್ತಾನೆ. (ಅಧ್ಯಾಪಕವೃತ್ತಿಯ ಇತಿಹಾಸದಲ್ಲಿ ಇದು ಅಪವಾದವೆಂದು ಬೇರೆ ಹೇಳಬೇಕಾಗಿಲ್ಲ.) ಅಸಿಲಿಯಸ್ ಸ್ಥೆನೆಲಸ್ ಎಂಬ ಇನ್ನೊಬ್ಬ ವಿಮುಕ್ತ ಗುಲಾಮನ ನೈಪುಣ್ಯದಿಂದ ನೆಲವನ್ನು ಮರಳಿ ಅಗೆಸಿ ಬಳ್ಳಿಗಳನ್ನು ನೆಡಿಸಲು, ಎಂಟು ವರ್ಷದೊಳಗೆ ಬಳ್ಳಿಯ ಮೇಲಿನ ಫಸಲೇ 4,00,000ಕ್ಕೆ ಮಾರಿಹೋಯಿತು. ಜನರು ದ್ರಾಕ್ಷಿಯ ರಾಶಿಗಳನ್ನು ನೋಡಲು ಓಡಿಬಂದರು. ನೆರೆಹೊರೆಯ ಸೋಮಾರಿಗಳು ಇದೆಲ್ಲ ಅವನ ಆಳವಾದ ಪಾಂಡಿತ್ಯದ ಫಲವೆಂದು ಹೇಳಿ ಸಮಾಧಾನಪಟ್ಟುಕೊಂಡರೆಂಬುದು ಪ್ಲಿನಿಯ ಮಾತು. ಹತ್ತು ವರ್ಷ ತುಂಬುವುದರೊಳಗೆ ಸೆನೆಕನು ಅದನ್ನು ನಾಲ್ಕು ಪಟ್ಟು ಬೆಲೆಗೆ ಕೊಂಡನು.

ಒಂದು ದಿನ ಜ್ವರ ಬಂದ ಸೂಚನೆ ಕಂಡು, ಹೆಂಡತಿ ತಡೆದರೂ ಕೇಳದೆ, ಸೆನೆಕನು ಗಾಡಿ ಹೂಡಿಸಿ ಈ ತೋಟಕ್ಕೆ ಹೊರಟನು. ಪಟ್ಟಣದ ಭಾರವಾದ ಗಾಳಿಯನ್ನೂ ಅಡಿಗೆಮನೆಗಳ ಹೊಗೆಯ ನಾತವನ್ನೂ ದಾಟಿದೊಡನೆ ಮೈ ಹಗುರವಾಯಿತೆಂದೂ, ದ್ರಾಕ್ಷಿಯ ಸಾಲುಗಳನ್ನು ಮುಟ್ಟಿದಾಗ ಬಲವೇ ಮರಳಿತೆಂದೂ ತನ್ನ ಪತ್ರದಲ್ಲಿ ಬರೆದಿರುವನು. ಈ ತೋಟ ಆರೋಗ್ಯವನ್ನು ಮಾತ್ರ ಕೊಡುತ್ತಿರಲಿಲ್ಲ. ದ್ರಾಕ್ಷಿಯ ಕನಿಷ್ಠ ಉತ್ಪತ್ತಿಯನ್ನು ಯೂಗೆರಮೊಂದಕ್ಕೆ ಒಂದು ಕುಲ್ಲೇಯಸ್ (ಸುಮಾರು 520 ಲೀಟರು) ಎಂದು ಗಣಿಸುವ ಕೊಲುಮೆಲ್ಲನು, ಸೆನೆಕನ ನೊಮೆಂಟಮ್ ತೋಟದಲ್ಲಿ ಅದು ಎಂಟು ಆಗುತ್ತಿತ್ತೆಂದು ದಾಖಲೆ ಮಾಡುತ್ತಾನೆ. ನಿರಾಡಂಬರ ಜೀವನವನ್ನು ಬೋಧಿಸಿದ ಈ ತತ್ತ್ವಜ್ಞಾನಿಯ ವಿರಾಮಸ್ಥಾನ ಆ ಕಾಲದ ಅತ್ಯಂತ ಲಾಭದಾಯಕವಾದ ತೋಟಗಳಲ್ಲಿ ಒಂದು.

ಇದೇ ನೊಮೆಂಟಮಿನಲ್ಲಿ ಕವಿ ಮಾರ್ಷಿಯಲನಿಗೂ ಒಂದು ಸಣ್ಣ ಹಿಡುವಳಿಯಿತ್ತು. ನೀರಿಲ್ಲದ ಆ ಊರಿಗೆ ಏಕೆ ಅಷ್ಟು ಸಲ ಹೋಗುತ್ತೀಯೆಂದು ಕೇಳಿದವನಿಗೆ ಅವನು ಕೊಡುವ ಉತ್ತರ ನಿದ್ರೆ. ಬೆಳಗಾದರೆ ಪಾಠಶಾಲೆಯ ಉಪಾಧ್ಯಾಯರು, ರಾತ್ರಿಯಾದರೆ ರೊಟ್ಟಿ ಸುಡುವವರು, ಹಗಲೆಲ್ಲ ಕಂಚುಗಾರರ ಸುತ್ತಿಗೆ. ಬಡವನಿಗೆ ರೋಮಿನಲ್ಲಿ ಕಣ್ಣುಮುಚ್ಚಲು ಎಡೆಯಿಲ್ಲವಂತೆ. ಸಿರಿವಂತನಿಗೆ ಪಟ್ಟಣದೊಳಗೇ ವನವೂ ದ್ರಾಕ್ಷಿಯೂ ಇವೆ, ತನಗೆ ನೊಮೆಂಟಮೇ ಗತಿ ಎಂಬುದು ಅವನ ಅಳಲು. ಒಂದೇ ಸೀಮೆಯಲ್ಲಿ ಒಬ್ಬನಿಗೆ ಲಾಭ, ಒಬ್ಬನಿಗೆ ಆರೋಗ್ಯ, ಒಬ್ಬನಿಗೆ ನಿದ್ರೆ. ಮೂವರಿಗೂ ಸಮಾನವಾದ ಕಾರಣ ಒಂದೇ: ಅದು ಹತ್ತಿರವಿತ್ತು.

ಈ ತನಕ ಯಜಮಾನರ ಮಾತಾಯಿತು. ತೋಟದಲ್ಲಿ ದುಡಿದವರ ವಿಷಯ ನಮ್ಮ ಆಕರಗಳಲ್ಲಿ ಲೆಕ್ಕಾಚಾರದ ರೂಪದಲ್ಲಿ ಬರುತ್ತದೆ. ಕೊಲುಮೆಲ್ಲನು ಏಳು ಯೂಗೆರಮುಗಳ, ಎಂದರೆ ಸುಮಾರು ನಾಲ್ಕೂವರೆ ಎಕರೆಯ, ತೋಟಕ್ಕೆ ಖರ್ಚಿನ ಪಟ್ಟಿ ಹಾಕುತ್ತಾನೆ. ನೆಲಕ್ಕೆ 7,000 ಸೆಸ್ಟರ್ಸು. ಬಳ್ಳಿ, ಊರುಗೋಲು ಮುಂತಾದುವಕ್ಕೆ 14,000. ಕುಶಲನಾದ ಬಳ್ಳಿಗಾರ ಗುಲಾಮನೊಬ್ಬನಿಗೆ 8,000. ಒಟ್ಟು 29,000, ಫಸಲು ಬರುವವರೆಗೆ ಎರಡು ವರ್ಷಕ್ಕೆ ನೂರಕ್ಕೆ ಆರರಂತೆ ಬಡ್ಡಿ ಸೇರಿ 32,480. ಈ ಮೊತ್ತವನ್ನು ಸಾಲವಾಗಿ ಕೊಟ್ಟಿದ್ದರೆ ವರ್ಷಕ್ಕೆ 1,950 ಬರುತ್ತಿತ್ತು; ಕನಿಷ್ಠ ಬೆಳೆಯಲ್ಲೂ ತೋಟ 2,100 ತರುವುದಾದುದರಿಂದ ತೋಟವೇ ಮೇಲು ಎಂಬುದು ಅವನ ತೀರ್ಮಾನ. ಗಾಣ, ರಸವನ್ನು ತುಂಬುವ ವಾಡೆಗಳು, ಕಟ್ಟಡ ಇವುಗಳ ಖರ್ಚು ಪಟ್ಟಿಯಲ್ಲಿಲ್ಲವೆಂದು ಅರ್ಥಶಾಸ್ತ್ರದ ದೃಷ್ಟಿಯ ವಿದ್ವಾಂಸರು ಆಕ್ಷೇಪಿಸಿರುವುದು ನ್ಯಾಯವೇ. ಬಳ್ಳಿಗಾರನ ಅನ್ನವೂ ಅದರಲ್ಲಿಲ್ಲ. ಆದರೆ ಪಟ್ಟಿಯಲ್ಲಿ ಇರುವುದರ ಕಡೆಗೂ ನಾವು ಗಮನ ಕೊಡಬೇಕು: ಆ ಮನುಷ್ಯನ ಬೆಲೆ ಅವನು ಅಗೆಯುವ ನೆಲದ ಬೆಲೆಗಿಂತ ಹೆಚ್ಚು.

ಇಷ್ಟು ಬೆಲೆಯುಳ್ಳವನನ್ನು ಹೇಗೆ ನಡೆಸಿಕೊಳ್ಳುತ್ತಿದ್ದರು? ದ್ರಾಕ್ಷಿಯ ಕೆಲಸಕ್ಕೆ ತೋಳ್ಬಲದೊಡನೆ ಚುರುಕುಬುದ್ಧಿಯೂ ಬೇಕು, ಚುರುಕುಬುದ್ಧಿಯವರು ಬಹುಮಟ್ಟಿಗೆ ದುಷ್ಟರಾಗಿರುತ್ತಾರೆ, ಆದುದರಿಂದ ತೋಟಗಳಲ್ಲಿ ಸಾಮಾನ್ಯವಾಗಿ ಸಂಕಲೆ ಹಾಕಿದ ಗುಲಾಮರಿಂದಲೇ ಕೆಲಸ ಮಾಡಿಸುತ್ತಾರೆ ಎಂದು ಕೊಲುಮೆಲ್ಲನು ಶಾಂತವಾಗಿ ಬರೆಯುತ್ತಾನೆ. ಜಾಣನಾದುದರಿಂದಲೇ ಬೇಡಿ! ರೋಮನ್ ವಿರಾಮವಾಸದ ಬಗ್ಗೆ ನಮ್ಮ ಪಠ್ಯಗ್ರಂಥಗಳಲ್ಲಿ ಬರುವ ಭಿತ್ತಿಚಿತ್ರ ಸ್ನಾನಗೃಹಗಳ ವರ್ಣನೆಯ ನಡುವೆ ಈ ಒಂದು ವಾಕ್ಯಕ್ಕೆ ಸ್ಥಳ ದೊರೆಯದಿರುವುದು ವಿಷಾದಕರ. ಸೆನೆಕನ ಮೈ ಹಗುರಾಗಿಸಿದ ಸಾಲುಗಳ ನಡುವೆ ಯಾರಿದ್ದರೆಂದು ಅವನು ಹೇಳುವುದಿಲ್ಲ. ಗುಲಾಮರನ್ನು ಮನುಷ್ಯರಂತೆ ಕಾಣಬೇಕೆಂದು ಬೇರೊಂದು ಪತ್ರದಲ್ಲಿ ಬೋಧಿಸಿದವನೂ ಅವನೇ.

ದುಡಿಮೆಯನ್ನು ನೋಡುವುದೇ ಒಂದು ವಿನೋದವಾದ ನಿದರ್ಶನಗಳೂ ಇವೆ. ಯುವರಾಜನಾಗಿದ್ದ ಮಾರ್ಕಸ್ ಆರೇಲಿಯಸನು ತನ್ನ ಗುರು ಫ್ರಾಂಟೊವಿಗೆ ಬರೆದ ಪತ್ರವೊಂದರಲ್ಲಿ, ತಾವು ದ್ರಾಕ್ಷಿ ಬಿಡಿಸಿ ಬೆವರಿ ನಲಿದುದನ್ನೂ, ಸ್ನಾನವಾದ ಮೇಲೆ ಗಾಣದ ಮನೆಯಲ್ಲೇ ಕುಳಿತು ಉಂಡು ಹಳ್ಳಿಯವರ ಪರಿಹಾಸದ ಮಾತುಗಳನ್ನು ಕೇಳಿ ಸಂತೋಷಪಟ್ಟುದನ್ನೂ ವರ್ಣಿಸುತ್ತಾನೆ. ಒಂದು ಶತಮಾನದ ತರುವಾಯ ಈ ಸರಳವಾದ ಸಂತೋಷ ಕಲ್ಲಿನ ಕಟ್ಟಡವಾಗಿ ನಿಂತಿತು. ಆಪ್ಪಿಯನ್ ಹೆದ್ದಾರಿಯ ಪಕ್ಕದಲ್ಲಿ ಕ್ವಿಂಟಿಲಿ ಸೋದರರದಾಗಿದ್ದು ಅನಂತರ ಚಕ್ರವರ್ತಿಗಳ ವಶವಾದ ವಿಶಾಲವಾದ ನಿವಾಸವೊಂದಿದೆ. ಅಲ್ಲಿ ಅಗೆದು ತೆಗೆದ ದ್ರಾಕ್ಷಾರಸದ ಶಾಲೆಯ ವಿವರಗಳು 2023ರಲ್ಲಿ ಪ್ರಕಟವಾದುವು. ಹಣ್ಣು ತುಳಿಯುವ ಕಟ್ಟೆಗೆ ಕೆಂಪು ಅಮೃತಶಿಲೆ ಹಾಸಿದೆ. ರಸ ಕಾರಂಜಿಗಳಂತೆ ಗೋಡೆಯಿಂದ ಧುಮುಕಿ ಕಾಲುವೆಗಳಲ್ಲಿ ಹರಿದು ಹೂತಿಟ್ಟ ವಾಡೆಗಳನ್ನು ಸೇರುವಂತೆ ಏರ್ಪಾಡಿದೆ. ಇದನ್ನೆಲ್ಲ ನೋಡುತ್ತ ಉಣ್ಣಲು ಸುತ್ತಲೂ ಭೋಜನಶಾಲೆಗಳಿವೆ. ನಯವಾದ ಅಮೃತಶಿಲೆ ಒದ್ದೆಯಾದರೆ ಕಾಲು ಜಾರುತ್ತದೆ. ತುಳಿಯುವವನ ಅನುಕೂಲಕ್ಕಾಗಿ ಅದನ್ನು ಹಾಸಿರಲಾರರು. ರೋಮಿನಿಂದ ಕೆಲವೇ ಮೈಲಿ ದೂರದಲ್ಲಿ ರಸವನ್ನು ಬೆಳೆಯುವ ಸೀಮೆ ರಸದ ನಾಟಕವನ್ನಾಡುವ ಸೀಮೆಯಾಗಿ ಮಾರ್ಪಟ್ಟುದಕ್ಕೆ ಇದಕ್ಕಿಂತ ಪ್ರಬಲವಾದ ಸಾಕ್ಷ್ಯ ಬೇಕಿಲ್ಲ. ಇದಕ್ಕೆ ಪ್ರತಿಯಾಗಿ ವೆಸೂವಿಯಸ್ ಬೆಟ್ಟದ ತಪ್ಪಲಿನ ಬೊಸ್ಕೊರೆಯಾಲೆಯಲ್ಲಿ, 79ರ ಬೂದಿಯ ಕೆಳಗೆ ಉಳಿದುಬಂದ ಚಿಕ್ಕ ತೋಟದ ಮನೆಯೊಂದರ ಅಂಗಳವನ್ನು ನೋಡಬಹುದು: ನೆಲದಲ್ಲಿ ಹೂತ 18 ವಾಡೆಗಳು, ಒಂದು ಗಾಣ, ಸುತ್ತ ಬಳ್ಳಿಯ ಬೇರುಗಳಿದ್ದ ಕುಳಿಗಳು. ನೋಡುವವನಿಗೆ ಅಲ್ಲಿ ಆಸನವಿಲ್ಲ.

ಬೇಡಿಕೆ ಹೆಚ್ಚಿದಂತೆ ದ್ರಾಕ್ಷಿ ಧಾನ್ಯದ ನೆಲವನ್ನು ಆಕ್ರಮಿಸಿತು. ಡೊಮಿಷಿಯನನು ಸುಮಾರು ಕ್ರಿ.ಶ. 92ರಲ್ಲಿ ಇಟಲಿಯಲ್ಲಿ ಹೊಸ ತೋಟ ಹಾಕಕೂಡದೆಂದೂ ಪ್ರಾಂತಗಳಲ್ಲಿ ಅರ್ಧದಷ್ಟನ್ನಾದರೂ ಕಡಿಯಬೇಕೆಂದೂ ಆಜ್ಞೆ ಹೊರಡಿಸಿದನು. ಆದರೆ ಪಟ್ಟುಹಿಡಿದು ನಡೆಸಲಿಲ್ಲ.

ಇಟಲಿಯ ರಸ ನಮ್ಮ ತೀರಕ್ಕೂ ಬಂದಿತ್ತು. ಎರಿತ್ರಿಯನ್ ಸಮುದ್ರದ ಪೆರಿಪ್ಲಸ್ ಗ್ರಂಥವು ಭರುಕಚ್ಛದ ಆಮದುಗಳಲ್ಲಿ ಅದಕ್ಕೆ ಅಗ್ರಸ್ಥಾನ ಕೊಡುತ್ತದೆ. 1945ರಲ್ಲಿ ವ್ಹೀಲರರು ಅಗೆಸಿದ ಅರಿಕಮೇಡಿನಲ್ಲಿ ಆ ಕೊಡಗಳ ಚೂರುಗಳು ದೊರೆತಿವೆ. ನಮ್ಮ ಚಂದ್ರವಳ್ಳಿಯಲ್ಲಿ ಸಿಕ್ಕಿದ ರೋಮನ್ ಬೆಳ್ಳಿನಾಣ್ಯಗಳು ಅದೇ ವ್ಯಾಪಾರದ ಕಾಲದವು. ಆಲ್ಬದ ಬೆಟ್ಟಗಳ ಮಟ್ಟಿಗೆ ಹೇಳುವುದಾದರೆ, ರೋಮಿನವರು ಇಂದಿಗೂ ರಜೆಯ ದಿನ ಫ್ರಸ್ಕಾತಿಗೆ ಹೋಗುತ್ತಾರೆ. 1856ರಲ್ಲೇ ಅಲ್ಲಿಗೆ ರೈಲುದಾರಿಯಾಯಿತು. ಇದನ್ನು ಸಿಸೆರೊವಿನಿಂದ ಅವಿಚ್ಛಿನ್ನವಾಗಿ ಬಂದ ಸಂಪ್ರದಾಯವೆಂದು ಪ್ರವಾಸಗ್ರಂಥಗಳು ಬಣ್ಣಿಸುವುದನ್ನು ಒಪ್ಪಲಾಗದು. ತುಸ್ಕುಲಮನ್ನು 1191ರಲ್ಲಿ ರೋಮಿನವರೇ ನೆಲಸಮ ಮಾಡಿದರು. ಉಳಿದು ಬಂದುದು ದೂರದ ಲೆಕ್ಕವೇ ಹೊರತು ಮನೆತನಗಳಲ್ಲ.

ಆಯ್ಕೆಯ ಅವಕಾಶವಿಲ್ಲದವನ ಅಭಿಪ್ರಾಯವೊಂದು ಹೊರೇಸನ ಮೂಲಕವೇ ನಮಗೆ ದೊರೆತಿದೆ. ಮೆಸೇನಸನು ದಾನವಾಗಿ ಕೊಟ್ಟ ಸೇಬೈನ್ ಬೆಟ್ಟದ ಹೊಲಕ್ಕೆ ಕವಿಯು ಒಬ್ಬ ಗುಲಾಮನನ್ನು ಪಾರುಪತ್ಯಗಾರನನ್ನಾಗಿ ನೇಮಿಸಿದ್ದನು. ಅವನಿಗೆ ಬರೆದ ಇನ್ನೊಂದು ಓಲೆಯಲ್ಲಿ ಅವನ ದೂರುಗಳನ್ನು ಎತ್ತಿಹೇಳಿ ಗದರಿಸುತ್ತಾನೆ. ಪಟ್ಟಣದಲ್ಲಿ ಕೆಳಗಿನ ಊಳಿಗದಲ್ಲಿದ್ದಾಗ ಹಳ್ಳಿಯನ್ನು ಬೇಡಿಕೊಂಡವನು, ಈಗ ಪಟ್ಟಣದ ಆಟಗಳನ್ನೂ ಸ್ನಾನಗೃಹಗಳನ್ನೂ ನೆನೆದು ಕೊರಗುತ್ತಾನೆ. ಈ ಮೂಲೆಯಲ್ಲಿ ದ್ರಾಕ್ಷಿಗಿಂತ ಮೊದಲು ಮೆಣಸು ಬೆಳೆದೀತು ಎಂಬುದು ಅವನ ತಕರಾರು; ನಮ್ಮ ಪಶ್ಚಿಮದ ಘಟ್ಟಗಳ ಮೆಣಸು ಒಬ್ಬ ಇಟಲಿಯ ಗುಲಾಮನ ಬಾಯಲ್ಲಿ ಗಾದೆಯಂತೆ ಬಂದಿರುವುದು ಸ್ವಾರಸ್ಯಕರ. ಕುಡಿಯೋಣವೆಂದರೆ ಹತ್ತಿರದಲ್ಲಿ ಒಂದು ಪಾನಗೃಹವೂ ಇಲ್ಲ. ಎತ್ತನ್ನು ನೊಗದಿಂದ ಬಿಚ್ಚಿದ ಮೇಲೆ ಸೊಪ್ಪು ತರಿದು ಅದಕ್ಕೆ ಹಾಕಬೇಕು. ಮಳೆ ಬಂದರೆ ಹೊಳೆಗೆ ಒಡ್ಡು ಕಟ್ಟಬೇಕು. ಅವನ ಹೆಸರನ್ನು ಹೊರೇಸನು ಓಲೆಯಲ್ಲಿ ಎಲ್ಲಿಯೂ ಹೇಳಿಲ್ಲ.